ಕೂಸಿನ ಫೋಟೊದಲ್ಲಿ ಕೈಯೂ ಕಾಣಲಿ

ಎರಡೂ ಅಂಗೈಗಳ ಮೇಲೆ ಗಲ್ಲ ಊರಿ, ಕಾಲು ಮಡಚಿ, ಕಪ್ಪೆಯ ಹಾಗೆ ಕುಳಿತು ನಿದ್ದೆ ಹೋಗಿರುವ ಹತ್ತು ದಿನದ ಹಸುಗೂಸು. ವಾಟ್ಸ್ಯಾಪ್ ಸ್ಟೇಟಸ್‌ಗಳಲ್ಲಿ ಈ ಚಿತ್ರ ಕಾಣದವರು ಕಡಿಮೆ. ನಿಜವೆಂದರೆ ಯಾವ ಕೂಸೂ ತಾನಾಗಿ ಹಾಗೆ ಕೂರಲಾರದು. ಕತ್ತು ನಿಲ್ಲುವುದಕ್ಕೇ ಮೂರು ನಾಲ್ಕು ತಿಂಗಳು ಬೇಕು.

ಕೆಲಸ ಬಲ್ಲವರು ಇದನ್ನು ಎರಡು ಫೋಟೊ ತೆಗೆದು ಮಾಡುತ್ತಾರೆ. ಒಂದರಲ್ಲಿ ಸಹಾಯಕಿ ಕೂಸಿನ ತಲೆ ಹಿಡಿದಿರುತ್ತಾಳೆ, ಇನ್ನೊಂದರಲ್ಲಿ ಮುಂಗೈ. ಆಮೇಲೆ ಫೋಟೊಶಾಪ್‌ನಲ್ಲಿ ಎರಡನ್ನೂ ಬೆಸೆದು, ಹಿಡಿದ ಕೈಗಳನ್ನು ಅಳಿಸುತ್ತಾರೆ. ಗ್ರಾಹಕರಿಗೆ ಸಿಗುವುದು ಕೈ ಇಲ್ಲದ ಚಿತ್ರ. ಅದನ್ನು ನೋಡಿ ‘ನಮಗೂ ಇದೇ ಪೋಸ್ ಬೇಕು’ ಎನ್ನುವವರು ಹೆಚ್ಚುತ್ತಾರೆ. ಒಳಗುಟ್ಟು ತಿಳಿಯದ ಹೊಸಬರು ಕೂಸನ್ನು ನಿಜವಾಗಿಯೂ ಹಾಗೆ ಕೂರಿಸಲು ಹೋಗುತ್ತಾರೆ. ಗದ್ದ ಎದೆಗೆ ಒತ್ತಿಕೊಂಡರೆ ಎಳೆಗೂಸಿನ ಉಸಿರಿನ ದಾರಿಯೇ ಕಟ್ಟಬಹುದು. ನಮ್ಮಲ್ಲಿ ಈ ಕಸುಬಿಗೆಂದು ಪ್ರತ್ಯೇಕ ಪರವಾನಗಿಯೂ ಇಲ್ಲ, ಕಡ್ಡಾಯ ತರಬೇತಿಯೂ ಇಲ್ಲ.

ಕೈ ಮರೆಮಾಚುವ ಚಾಳಿ ಹಳೆಯದು. 19ನೇ ಶತಮಾನದ ಕ್ಯಾಮೆರಾಗಳಿಗೆ ಒಂದು ಚಿತ್ರಕ್ಕೆ ಹಲವು ಸೆಕೆಂಡು ಬೇಕಾಗುತ್ತಿತ್ತು. ಮಗು ಅಲುಗಾಡದಿರಲೆಂದು ಬ್ರಿಟನ್, ಅಮೆರಿಕದ ಸ್ಟುಡಿಯೊಗಳಲ್ಲಿ ತಾಯಿಗೇ ಬಟ್ಟೆ ಹೊದಿಸಿ, ಕುರ್ಚಿಯೋ ಪರದೆಯೋ ಎಂಬಂತೆ ಹಿಂದೆ ಕೂರಿಸುತ್ತಿದ್ದರು. ಮಡಿಲಲ್ಲಿ ಮಗು, ಮುಸುಕಿನೊಳಗೆ ಅಮ್ಮ. ಆ ಫೋಟೊಗಳನ್ನು ಇವತ್ತು ನೋಡಿದರೆ ಕರುಳು ಚುರ್ರೆನ್ನುತ್ತದೆ. 1990ರ ದಶಕದಲ್ಲಿ ಆಸ್ಟ್ರೇಲಿಯಾ ಮೂಲದ ಆ್ಯನ್ ಗೆಡ್ಡೆಸ್ ಹೂಕುಂಡದಲ್ಲಿ, ಎಲೆಕೋಸಿನಲ್ಲಿ ಕೂಸುಗಳನ್ನು ಇಟ್ಟು ತೆಗೆದ ಚಿತ್ರಗಳು ಲೋಕವೆಲ್ಲ ಸುತ್ತಿದವು. ಬುಟ್ಟಿ, ರೆಕ್ಕೆ, ಉಣ್ಣೆ ಟೋಪಿಗಳ ಇಂದಿನ ಬೇಡಿಕೆಯಲ್ಲಿ ಅವುಗಳ ಪ್ರಭಾವ ಎದ್ದು ಕಾಣುತ್ತದೆ.

ನಮ್ಮ ಹಳೆಯ ಸ್ಟುಡಿಯೊಗಳಿಗೆ ಕೂಸನ್ನು ಕರೆದೊಯ್ಯುತ್ತಿದ್ದದ್ದು ಸಾಮಾನ್ಯವಾಗಿ ಬೋರಲು ಬಿದ್ದ ಮೇಲೆ. ಹಣೆಗೆ ದೊಡ್ಡ ಕಪ್ಪು ಬೊಟ್ಟು, ತಲೆ ಎತ್ತಿ ಪಿಳಿಪಿಳಿ ನೋಟ. ಆ ತಡದಲ್ಲಿ ಜಾಣತನವಿತ್ತು. ಈಗ ಹುಟ್ಟಿದ ಎರಡು ವಾರದೊಳಗೇ ಫೋಟೊ ಆಗಬೇಕೆನ್ನುತ್ತಾರೆ, ಗಾಢ ನಿದ್ದೆಯಲ್ಲಿರುವ ಕೂಸು ಹೇಳಿದ ಹಾಗೆ ಮಲಗುತ್ತದೆಂದು. ಬಾಣಂತಿಗಾದರೋ ಅದು ಹೊಲಿಗೆ ಇನ್ನೂ ಮಾಗದ, ಮೈ ನೋಯುವ ಹೊತ್ತು.

ಹಾಗೆಂದು ಫೋಟೊ ಬೇಡವೇ? ಖಂಡಿತ ಬೇಕು. ಆ ಪುಟ್ಟ ಪಾದದ ಸುಕ್ಕು, ಕಿವಿಯ ಮೇಲಿನ ನವಿರುಕೂದಲು ತಿಂಗಳೊಪ್ಪತ್ತಿನಲ್ಲಿ ಮಾಯವಾಗುತ್ತವೆ. ಮನೆಗೇ ಬಂದು, ಕಿಟಕಿಯ ಬೆಳಕಿನಲ್ಲಿ, ಕುಲಾವಿ ಹಾಕಿಕೊಂಡು ಅಜ್ಜಿಯ ಮಡಿಲಲ್ಲಿ ಮಲಗಿದ ಕೂಸನ್ನು ತೆಗೆಯುವವರು ಬೆಂಗಳೂರಿನಲ್ಲೂ ಇದ್ದಾರೆ. ಅಜ್ಜಿಯ ನರಗಟ್ಟಿದ ಕೈಬೆರಳನ್ನು ಕೂಸು ಬಿಗಿಯಾಗಿ ಹಿಡಿದ ಚಿತ್ರದ ಮುಂದೆ ಯಾವ ಕಪ್ಪೆ ಭಂಗಿಯೂ ನಿಲ್ಲುವುದಿಲ್ಲ. ಅಲ್ಲಿ ಅಳಿಸಬೇಕಾದ್ದು ಏನೂ ಇಲ್ಲ.

ಛಾಯಾಗ್ರಾಹಕರ ಸಂಘಗಳು ಎಳೆಗೂಸು ಹಿಡಿಯುವ ತರಬೇತಿಯನ್ನು ತಾವೇ ಶುರು ಮಾಡಬೇಕು. ಬೆಸೆದ ಚಿತ್ರವನ್ನು ಬೆಸೆದದ್ದೆಂದೇ ಸ್ಟುಡಿಯೊಗಳು ಹೇಳಬೇಕು. ಮನೆಯವರೂ ಮುಂಗಡ ಕೊಡುವ ಮೊದಲು ಕೇಳಲಿ: ಕೂಸಿನ ಪಕ್ಕ ಸದಾ ಯಾರಿರುತ್ತಾರೆ? ಹಿಂದಿನ ಕೂಸಿಗೆ ಹೊದಿಸಿದ ಬಟ್ಟೆ ಒಗೆದದ್ದೇ? ನಾಯಿಕೆಮ್ಮಿನ ವಿರುದ್ಧದ ಮೊದಲ ಲಸಿಕೆ ನಮ್ಮ ಮಕ್ಕಳಿಗೆ ಸಿಗುವುದು ಆರು ವಾರ ತುಂಬಿದ ಮೇಲೆ. ಹಾಗಾಗಿ ಫೋಟೊ ತೆಗೆಯಲು ಬಂದವರು ಕೆಮ್ಮುತ್ತಿದ್ದರೆ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಇನ್ನೊಂದು ದಿನ ಬನ್ನಿ ಎನ್ನಲು ಸಂಕೋಚ ಬೇಡ.