ಟ್ರ್ಯಾಕ್ಟರಿನ ಕ್ಲಚ್ಚು ಮತ್ತು ನಮ್ಮ ಹುಡುಗರು

ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಎತ್ತು ಹೂಡಲು ಬಾರದ ಹುಡುಗನನ್ನು ಹಿಂದೆ ಯಾರೂ ಒಬ್ಬನನ್ನೇ ಹೊಲಕ್ಕೆ ಕಳಿಸುತ್ತಿರಲಿಲ್ಲ. ಅವನು ಮೊದಲು ಹಗ್ಗ ಹಿಡಿದು ಹಿಂದೆ ನಡೆಯಬೇಕು, ಎಡದ ಎತ್ತಿನ ಗುಣವೇನು, ಬಲದ್ದರ ಗುಣವೇನು ಎಂದು ತಿಳಿಯಬೇಕು. ಆಮೇಲೆ ರಂಟೆಯ ಮೇಳಿ ಕೈಗೆ ಬರುತ್ತಿತ್ತು. ಈಗ ಗೋದಲಿಯ ಜಾಗದಲ್ಲಿ ನಲವತ್ತು ಐವತ್ತು ಅಶ್ವಶಕ್ತಿಯ ಯಂತ್ರ ನಿಂತಿದೆ. ಅದರ ಕೀಲಿಯನ್ನು ಹದಿನಾಲ್ಕರ ಪೋರನ ಕೈಗೆ ಕೊಟ್ಟು, "ನೋಡಿ ಕಲಿತಾನ ಬಿಡ್ರಿ" ಎನ್ನುತ್ತೇವೆ. ಇದು ನಮಗೆ ಸರಿ ಕಾಣುವುದಿಲ್ಲ.

ನಾವೂ ಹಾಗೆಯೇ ಕಲಿತವರು. "ಕ್ಲಚ್ ಬಿಡು" ಎಂದರು, ಬಿಟ್ಟೆವು. ಯಂತ್ರ ಹೋರಿಯಂತೆ ನೆಗೆದು ಬದುವನ್ನೇರಿ ನಿಂತಿತು. ಕಲಿಸಿದವರು ಬೈದರೇ ಹೊರತು ಕಾರಣ ಹೇಳಲಿಲ್ಲ. ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ, ಕ್ಲಚ್ಚಿನ ತಟ್ಟೆ ಸುಟ್ಟು, ಮೇಸ್ತ್ರಿ ಟ್ರ್ಯಾಕ್ಟರನ್ನು ನಡುವಿನಿಂದ ಎರಡು ಹೋಳಾಗಿ ಬಿಚ್ಚಿ ತೋರಿಸಿದಾಗ. ಎಂಜಿನ್ ತಿರುಗುತ್ತಲೇ ಇರುತ್ತದೆ, ಗಾಲಿಗಳು ನಿಂತಿರುತ್ತವೆ. ಎರಡನ್ನೂ ಕೂಡಿಸುವುದು ಆ ತಟ್ಟೆ. ಪೆಡಲ್ ಒತ್ತಿದರೆ ಬೇರೆಯಾಗುತ್ತದೆ, ಮೆಲ್ಲಗೆ ಎತ್ತಿದರೆ ತಿಕ್ಕುತ್ತ ತಿಕ್ಕುತ್ತ ಒಂದಾಗುತ್ತದೆ. ಹಟಾತ್ತಾಗಿ ಬಿಟ್ಟರೆ ಎಂಜಿನ್ ನಿಲ್ಲುತ್ತದೆ, ಇಲ್ಲವೇ ಯಂತ್ರ ಜಿಗಿಯುತ್ತದೆ. ಅರ್ಧ ಒತ್ತಿಕೊಂಡೇ ಹೊಡೆದರೆ ತಟ್ಟೆ ಸವೆದು ಸುಡುತ್ತದೆ. ನಮ್ಮ ಹುಡುಗರ ಎಡಗಾಲು ನೋಡಿರಿ, ಸದಾ ಪೆಡಲಿನ ಮೇಲೆಯೇ ಮಲಗಿರುತ್ತದೆ!

ತಟ್ಟೆ ಸುಟ್ಟರೆ ಹಣ ಹೋಗುತ್ತದೆ, ಅಷ್ಟೇ. ನಮ್ಮ ಎರೆಭೂಮಿಯಲ್ಲಿ ಅದಕ್ಕಿಂತ ದೊಡ್ಡ ಗಂಡಾಂತರವಿದೆ. ಮಳೆಯ ಮೇಲೆ ಹಿಂದಿನ ಗಾಲಿಗಳು ಕೆಸರಿನಲ್ಲಿ ಹೂತವೆನ್ನಿ. ಹುಡುಗ ಸಣ್ಣ ಗೇರು ಹಾಕಿ, ವೇಗ ಏರಿಸಿ, ಕ್ಲಚ್ ಒಮ್ಮೆಗೇ ಬಿಡುತ್ತಾನೆ. ಗಾಲಿ ತಿರುಗಲಾರದು, ಎಂಜಿನ್ನಿನ ಬಲ ಎಲ್ಲಿಗಾದರೂ ಹೋಗಲೇಬೇಕು. ಆಗ ಮೂತಿಯೇ ಮೇಲೇಳುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಯಂತ್ರ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳಬಹುದು. ಗಾಲಿಗೆ ಮರದ ತುಂಡು ಕಟ್ಟಿ ಎಬ್ಬಿಸುವ ಉಪಾಯವಂತೂ ಸಾವನ್ನು ಕರೆದಂತೆ. ಸರಪಳಿಯನ್ನು ಅಚ್ಚಿಗಿಂತ ಮೇಲೆ ಎಂದೂ ಕಟ್ಟಬಾರದು. ಹೂತರೆ ಗಾಲಿಗಳ ಹಿಂದೆ ಅಗೆದು, ಹಿಂದಕ್ಕೆ ತೆಗೆಯತಕ್ಕದ್ದು. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಯಿಸತಕ್ಕದ್ದು.

ಇನ್ನು ಕಬ್ಬಿನ ಹಂಗಾಮು. ಎರಡು ಟ್ರಾಲಿ ತುಂಬಿ, ಸೊಲ್ಲಾಪುರದ ಕಡೆಗೆ ಹಗಲೂ ರಾತ್ರಿ ಸಾಲು ಹೊರಡುತ್ತದೆ. ಇಳಿಜಾರು ಬಂದೊಡನೆ ಡೀಸೆಲ್ ಉಳಿಸಲೆಂದು ಗೇರು ತೆಗೆದು ನ್ಯೂಟ್ರಲಿನಲ್ಲಿ ಬಿಡುವುದನ್ನು ಜಾಣತನವೆಂದು ನಮ್ಮವರು ತಿಳಿದಿದ್ದಾರೆ. ಗೇರಿನಲ್ಲಿದ್ದಾಗ ಎಂಜಿನ್ನೇ ಗಾಲಿಯನ್ನು ಹಿಡಿದಿಡುತ್ತದೆ. ತೆಗೆದೊಡನೆ ಆ ಹಿಡಿತ ಹೋಯಿತು. ಬಹಳಷ್ಟು ಟ್ರಾಲಿಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ, ಹಿಂದಿನ ಭಾರ ಮುಂದಿನ ಯಂತ್ರವನ್ನು ದೂಡುತ್ತದೆ. ಓಡುವ ಟ್ರ್ಯಾಕ್ಟರಿಗೆ, ಕಾರಿಗೆ ಹಾಕಿದಂತೆ, ಮತ್ತೆ ಗೇರು ಹಾಕಲು ಹೋದರೆ ಹಲ್ಲು ಕರಕರ ಕೂಗುತ್ತವೆಯೇ ಹೊರತು ಕೂಡುವುದಿಲ್ಲ. ಏರಿದ ಗೇರಿನಲ್ಲಿಯೇ ಇಳಿಯಬೇಕು. ಅದನ್ನು ಇಳಿಜಾರಿನ ಮೊದಲೇ ಹಾಕಿರಬೇಕು. ಹಾಡಿನ ಡಬ್ಬಿಯ ಗದ್ದಲದಲ್ಲಿ ಎಂಜಿನ್ನಿನ ದನಿ ಕೇಳದವನಿಗೆ ಯಾವ ಗೇರು ಬೇಕೆಂಬುದು ತಿಳಿಯುವುದಾದರೂ ಹೇಗೆ?

ಕಾನೂನಿನ ಮಾತು. ಟ್ರ್ಯಾಕ್ಟರನ್ನು ರಸ್ತೆಗೆ ತರಲು 18 ವರ್ಷ ತುಂಬಿರಬೇಕು. ಮೊದಲು ಕಲಿಕೆಯ ಪರವಾನಿಗೆ, ಅದು ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಪರೀಕ್ಷೆ. 2019ರ ತಿದ್ದುಪಡಿಯಿಂದ, ಎಳೆಯ ಹುಡುಗ ಸಿಕ್ಕಿಬಿದ್ದರೆ ತಂದೆಗೆ ಅಥವಾ ಮಾಲಕನಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಪರವಾನಿಗೆಯಿಲ್ಲ. "ನಮ್ಮೂರ ರಸ್ತೆಗೆ ಯಾರು ಬರ್ತಾರ" ಎಂದು ನಗುವವರನ್ನು ನಾವು ಬಲ್ಲೆವು. ಯಾರೂ ಬರದ ರಸ್ತೆಯಲ್ಲಿಯೂ ಟ್ರಾಲಿ ಮಗುಚುತ್ತದೆ.

ಕಲಿಸುವಲ್ಲಿ ಒಂದು ತೊಡಕಿದೆ. ಕಾರಿನಲ್ಲಿ ಗುರು ಪಕ್ಕದಲ್ಲಿ ಕುಳ್ಳಿರುತ್ತಾನೆ. ಟ್ರ್ಯಾಕ್ಟರಿಗೆ ಆಸನ ಒಂದೇ. ಗಾಲಿಯ ಮೇಲಿನ ತಗಡಿನ ಮೇಲೆ ಕುಳಿತು ಕಲಿಸುವವನು ಬಿದ್ದರೆ ಹಿಂದಿನ ಗಾಲಿಗೇ ಆಹುತಿ. ಆದುದರಿಂದ ಬೆಳೆ ಕೊಯ್ದ ಸಮತಲದ ಹೊಲದಲ್ಲಿ, ಟ್ರಾಲಿ ಕಳಚಿ, ಅತಿ ಸಣ್ಣ ಗೇರಿನಲ್ಲಿ, ಕಲಿಸುವವನು ದೂರವಿದ್ದು ಬದಿಯಲ್ಲಿ ನಡೆಯುತ್ತ ಕಲಿಸಬೇಕು. ಮೊದಲ ದಿನ ಹೊರಡುವುದು, ನಿಲ್ಲುವುದು ಇಷ್ಟೇ. ನಮ್ಮ ಕನ್ನಡದಲ್ಲಿಯೇ ಹೇಳಿರಿ. ಸೊಲ್ಲಾಪುರದ ಗ್ಯಾರೇಜಿನ ಮರಾಠಿ ಮಾತು ಹಿರಿಯರಾದ ನಮಗೆ ತಿಳಿದೀತು, ಹುಡುಗನಿಗೆ "ಯಾಕೆ" ಎಂಬುದು ಮನೆಯ ಮಾತಿನಲ್ಲಿಯೇ ಹೊಕ್ಕಬೇಕು. ನೀವು ಕೊಟ್ಟ ಕಾರಣವನ್ನು ಅವನು ತಿರುಗಿ ನಿಮಗೆ ಹೇಳುವವರೆಗೆ ಟ್ರಾಲಿ ಕಟ್ಟಬೇಡಿರಿ.

ಒಂದು ಮಾತು ಉಳಿಯಿತು. ಟ್ರ್ಯಾಕ್ಟರಿಗೆ ಬಲಗಾಲಿನ ಹತ್ತಿರ ಬ್ರೇಕಿನ ಪೆಡಲುಗಳು ಎರಡು; ಹೊಲದ ಮೂಲೆಯಲ್ಲಿ ಒಂದೇ ಗಾಲಿ ಹಿಡಿದು ತಿರುಗಲೆಂದು. ರಸ್ತೆಯಲ್ಲಿ ವೇಗದಲ್ಲಿದ್ದಾಗ ಒಂದನ್ನೇ ಒತ್ತಿದರೆ ಗಾಡಿ ಆ ಕಡೆಗೇ ಸುತ್ತಿ ಬೀಳುತ್ತದೆ. ಎರಡನ್ನೂ ಜೋಡಿಸುವ ಸಣ್ಣ ಕೊಂಡಿ ಅಲ್ಲಿಯೇ ಇರುತ್ತದೆ. ನಮ್ಮ ಊರುಗಳಲ್ಲಿ ಅನೇಕರದು ತುಕ್ಕು ಹಿಡಿದು ಬಗ್ಗಿ ನಿಂತಿದೆ. ನಾಳೆ ಬೆಳಿಗ್ಗೆ ಅದಕ್ಕೆ ಎರಡು ಹನಿ ಎಣ್ಣೆ ಬಿಡಿರಿ.