ಗಾಡಿ ಬಾಡಿಗೆ ತವರಿನ ತಲೆಗೇ ಏಕೆ?

ಸೊಸೆಯ ಮೈಗೆ ಬೆಂಕಿ ಬಿದ್ದಾಗ, ಅದು ಹೇಗೆ ಬಿತ್ತು ಎಂದು ಪೊಲೀಸರು ಕೇಳುವ ಮೊದಲೇ ಇನ್ನೊಂದು ಪ್ರಶ್ನೆ ಎದ್ದಿರುತ್ತದೆ: ಗಾಡಿಗೆ ದುಡ್ಡು ಯಾರು ಕೊಡುತ್ತಾರೆ? ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಒಂದು ಚೀಟಿ. ಅಲ್ಲಿ ಆಗದಿದ್ದರೆ ದಾವಣಗೆರೆಗೋ, 200 ಕಿ.ಮೀ. ದೂರದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೋ ಇನ್ನೊಂದು ಚೀಟಿ. ಖಾಸಗಿ ಗಾಡಿ ಹತ್ತಿದರೆ ಚೀಟಿಗೊಂದು ಬಾಡಿಗೆ.

ಖಾಸಗಿ ಆಂಬುಲೆನ್ಸಿನವರು ಹೋಗುವ ದಾರಿಯನ್ನೂ ಎಣಿಸುತ್ತಾರೆ, ಖಾಲಿ ಬರುವ ದಾರಿಯನ್ನೂ ಎಣಿಸುತ್ತಾರೆ. ಆಕ್ಸಿಜನ್‌ಗೆ ಬೇರೆ, ಕಾದು ನಿಂತರೆ ಬೇರೆ. ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವ ನಾವು ಅಲ್ಲಿ ಬಾಯಿ ತೆರೆಯುವುದಿಲ್ಲ. ಒಳಗೆ ಮಗಳು ಮಲಗಿರುತ್ತಾಳೆ. ದರವನ್ನು ರಾಜ್ಯ ಸರ್ಕಾರಗಳು ನಿಗದಿ ಮಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು, ಅದೂ 2020ರಲ್ಲಿ, ಕೊರೋನಾ ಬಂದ ಮೇಲೆ. ನಮ್ಮ ಹೆಣ್ಣುಮಕ್ಕಳು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಸುಟ್ಟ ಮೈಯಲ್ಲಿ ಈ ದಾರಿ ಸವೆಸಿದ್ದಾರೆ.

ಗಂಡನ ಮನೆಯವರು ಆ ಹೊತ್ತಿನಲ್ಲಿ ಕೈ ಎತ್ತುತ್ತಾರೆ. ಇಲ್ಲವೇ ತಾವೇ ದುಡ್ಡು ಕೊಟ್ಟು, ದಾರಿಯುದ್ದಕ್ಕೂ ಅವಳ ಪಕ್ಕ ಕೂತು, 'ಸ್ಟೌ ಸಿಡಿಯಿತು ಅಂತ ಹೇಳು' ಎಂದು ಪಾಠ ಹೇಳಿಕೊಡುತ್ತಾರೆ. ಎರಡನೆಯದು ಹೆಚ್ಚು ಅಪಾಯದ್ದು ಎಂಬುದು ನನ್ನ ಅಭಿಪ್ರಾಯ. ಬಾಡಿಗೆ ಕೊಟ್ಟವರೇ ಯಾವ ಆಸ್ಪತ್ರೆ ಎಂದು ತೀರ್ಮಾನಿಸುತ್ತಾರೆ, ಏನು ಬರೆಸಬೇಕು ಎಂದೂ ತೀರ್ಮಾನಿಸುತ್ತಾರೆ.

ಅದಕ್ಕೇ ನಾನು ಸಂಘದ ಸಭೆಗಳಲ್ಲಿ ಹೇಳುವುದು: ಮೊದಲು 108ಕ್ಕೆ ಫೋನ್ ಮಾಡಿ. 2008ರ ನವೆಂಬರಿನಲ್ಲಿ 'ಆರೋಗ್ಯ ಕವಚ' ಎಂದು ಶುರುವಾದ ಈ ಗಾಡಿಗೆ ಬಾಡಿಗೆ ಇಲ್ಲ. ಬಸುರಿಗೆ, ಬಾಣಂತಿಗೆ ಸರ್ಕಾರಿ ಆಸ್ಪತ್ರೆಗೆ ಹೋಗಿಬರುವ ಗಾಡಿ ಪುಕ್ಕಟೆ ಎಂದು 2011ರ ಜನನಿ ಶಿಶು ಸುರಕ್ಷಾ ಯೋಜನೆಯೂ ಹೇಳುತ್ತದೆ. 108ರಲ್ಲಿ ಇನ್ನೊಂದು ಉಪಯೋಗವಿದೆ. ಎಷ್ಟು ಹೊತ್ತಿಗೆ ಕರೆ ಬಂತು, ಯಾವ ಊರಿನಿಂದ ಎಂಬುದು ದಾಖಲಾಗುತ್ತದೆ. ಸಂಜೆ ಸುಟ್ಟವಳನ್ನು ನಡುರಾತ್ರಿಯವರೆಗೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ಅದು ಹೊರಗೆ ಬರುತ್ತದೆ. ಹಾಗೆಂದು 108 ಯಾವಾಗಲೂ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆ ನಂಬರೇ ಕೆಟ್ಟು ಇಡೀ ರಾಜ್ಯ ಪರದಾಡಿತು.

ಆಸ್ಪತ್ರೆಯಲ್ಲಿ 'ಇದು ಪೊಲೀಸ್ ಕೇಸು, ಮುಟ್ಟುವುದಿಲ್ಲ' ಎಂದರೆ ಜಗಳವಾಡಿ. ಮೊದಲು ಜೀವ, ಆಮೇಲೆ ಕಾಗದ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಈಗ ದುಡ್ಡಿನ ಮಾತು. ನಮ್ಮ ಸಂಘದ ಸಾಲದ ಪುಸ್ತಕದಲ್ಲಿ 'ಆಸ್ಪತ್ರೆ ಖರ್ಚು' ಎಂದು ಬರೆದು ಹಣ ಒಯ್ದ ತಾಯಂದಿರಿದ್ದಾರೆ. ಮದುವೆಗೆ ಮಾಡಿದ ಸಾಲ ತೀರುವ ಮೊದಲೇ ಇದು. ವರದಕ್ಷಿಣೆಯ ಕೊನೆಯ ಕಂತು ಎನ್ನದೆ ಇದನ್ನು ಏನೆನ್ನಲಿ? ಆದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ (2005) 20ನೇ ಕಲಮಿನಲ್ಲಿ, ನೊಂದ ಹೆಣ್ಣಿನ ವೈದ್ಯಕೀಯ ವೆಚ್ಚವನ್ನು ದೌರ್ಜನ್ಯ ಮಾಡಿದವನೇ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆಸ್ಪತ್ರೆ ಮುಟ್ಟಿಸಿದ ಗಾಡಿಯ ಬಾಡಿಗೆಯನ್ನೂ ಅದರಲ್ಲಿ ಸೇರಿಸಿ ಕೇಳಬೇಕು. ಅರ್ಜಿ ಹಾಕಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕೇಳಲು ಕೈಯಲ್ಲಿ ಕಾಗದ ಬೇಕು. ಗಾಡಿಯವನು ರಸೀದಿ ಕೊಡದಿದ್ದರೆ ಗಾಡಿಯ ನಂಬರು, ತಾರೀಖು, ಹತ್ತಿದ ಊರು, ಇಳಿದ ಊರು, ಕೊಟ್ಟ ಹಣ ಇಷ್ಟನ್ನು ಸಂಘದ ಪುಸ್ತಕದಲ್ಲೇ ಬರೆದು, ಜೊತೆಗಿದ್ದ ಇಬ್ಬರಿಂದ ಸಹಿ ಹಾಕಿಸಿಡಿ.