ಗಾಡಿಯ ಮೂಲರೂಪ ಯಾವುದು?

ಜೀರ್ಣೋದ್ಧಾರ ಎಂಬ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಕಳೆದ ಕೆಲವು ದಶಕಗಳಲ್ಲಿ ಊರೂರಿನ ದೇವಸ್ಥಾನಗಳೂ ದೈವಸ್ಥಾನಗಳೂ ನಾಗಬನಗಳೂ ಜೀರ್ಣೋದ್ಧಾರಗೊಂಡಿವೆ. ಕಾಪುವಿನ ಹೊಸ ಮಾರಿಗುಡಿಯು 2025ರಲ್ಲಿ ಬ್ರಹ್ಮಕಲಶೋತ್ಸವವನ್ನು ಕಂಡಿತು. ಆದರೆ ಸಾಮಾನು ಸಾಗಿಸುವ ಒಂದು ಹಳೆಯ ಪಿಕಪ್ಪಿಗೂ ಜೀರ್ಣೋದ್ಧಾರವುಂಟು, ಅದನ್ನು ಹೇಗೆ ಮಾಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಗಳೂ ಉಂಟು ಎಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಜೀವಮಾನವಿಡೀ ಕನ್ನಡ ಪಾಠ ಹೇಳಿದವನು ಗ್ಯಾರೇಜಿನ ವಿಷಯಕ್ಕೆ ತಲೆಹಾಕುವುದು ಇನ್ನೂ ವಿಚಿತ್ರ. ಆದರೂ ಬರೆಯುವುದಕ್ಕೆ ಕಾರಣವಿದೆ.

ಮಣಿಪಾಲದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಫೋನು ಮಾಡಿ, "ಮಾಸ್ಟ್ರೇ, ಅಪ್ಪನ ಗಾಡಿ ಸಿಕ್ಕಿತು" ಎಂದ. ಅವನ ತಂದೆಯವರು 1972ರಲ್ಲಿ ಸಾಲ ಮಾಡಿ ಕೊಂಡಿದ್ದ ಗಾಡಿ ಅದು: ಮಹೀಂದ್ರ ಜೀಪಿನ ಉದ್ದನೆಯ ಚಾಸಿ, ಹಿಂದೆ ಮರದ ತೊಟ್ಟಿ. ಕಾಪುವಿನಲ್ಲಿದ್ದ ಅವರ ಮನೆಯ ಅನ್ನ ಸುಮಾರು ಕಾಲು ಶತಮಾನ ಅದರಿಂದಲೇ ಹುಟ್ಟಿತು. ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ, ಮಲ್ಪೆಯ ಮೀನು, ಹೆಂಚು, ಮುರಕಲ್ಲು, ಮದುವೆ ಮನೆಯ ಪಾತ್ರೆ ಪರಡಿ, ಒಮ್ಮೊಮ್ಮೆ ಹೆರಿಗೆಯ ಹೆಂಗಸರು, ಹೀಗೆ ಅದು ಹೊರದ ಹೊರೆಯಿಲ್ಲ. ಮಾರಿದ ಮೇಲೆ ಕೈಯಿಂದ ಕೈಗೆ ಹೋಗಿ, ಕೊನೆಗೆ ಕಾರ್ಕಳದ ಕಡೆ ಒಂದು ಮರದ ಮಿಲ್ಲಿನ ಹಿತ್ತಿಲಿನಲ್ಲಿ ನಿಂತಿತ್ತು. ಗುಜರಿಯವನು ಕೇಳಿದ ಬೆಲೆಗಿಂತ ಹೆಚ್ಚು ಕೊಟ್ಟು ಮಗ ಅದನ್ನು ಬಿಡಿಸಿಕೊಂಡಿದ್ದಾನೆ. ತಂದೆಯವರು ಈಗಿಲ್ಲ. "ಅದನ್ನು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ತರುತ್ತೇನೆ. ಮರದ ತೊಟ್ಟಿ ತೆಗೆದು ತಗಡಿನದನ್ನು ಕೂರಿಸಬೇಕು, ಡೀಸೆಲ್ ಎಂಜಿನು ತೆಗೆದು ಹಳೆಯ ಪೆಟ್ರೋಲ್ ಎಂಜಿನನ್ನೇ ಹುಡುಕಿ ಹಾಕಬೇಕು" ಎಂಬುದು ಅವನ ಸಂಕಲ್ಪ. ಅವನ ಪಿತೃಭಕ್ತಿಯನ್ನು ಮೆಚ್ಚುತ್ತೇನೆ. ಅವನ ಯೋಜನೆಯನ್ನು ಮಾತ್ರ ಒಪ್ಪಲಾರೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮನೆಯ ಹಿತ್ತಿಲಿನಲ್ಲೂ ಇಂಥದೊಂದು ವಸ್ತು ಮಳೆಯಲ್ಲಿ ನೆನೆಯುತ್ತಿರಬಹುದು.

ಮೊದಲನೆಯ ಪ್ರಶ್ನೆ, ಕಾರ್ಖಾನೆಯಿಂದ ಹೊರಬಂದ ದಿನ ಆ ಗಾಡಿ ಹೇಗಿತ್ತು ಎಂಬುದು. ಇಂದು ಅಂಗಡಿಗೆ ಹೋಗಿ ಹಣ ಕೊಟ್ಟರೆ ಸರ್ವಾಂಗ ಸಂಪೂರ್ಣವಾದ ಪಿಕಪ್ಪು ಬರುತ್ತದೆ. ಆ ಕಾಲದ ಬಹುತೇಕ ಸಾಮಾನು ಗಾಡಿಗಳ ಕಥೆ ಹಾಗಿರಲಿಲ್ಲ. ಜರ್ಮನಿಯ ಡೈಮ್ಲರ್ ಬೆಂಜ್ ಸಂಸ್ಥೆಯ ಸಹಯೋಗದಲ್ಲಿ ಟೆಲ್ಕೋ ಕಂಪೆನಿಯು 1954ರಿಂದ ಜಮ್ಶೆಡ್‌ಪುರದಲ್ಲಿ ತಯಾರಿಸಿದ ಲಾರಿಗಳು ಎಂಜಿನು, ಚಾಸಿ, ಚಕ್ರ, ಎದುರಿನ ಮೂತಿ ಇಷ್ಟನ್ನೇ ಹೊತ್ತು ಊರಿಗೆ ಬರುತ್ತಿದ್ದವು. ಚಾಲಕನು ತಲೆಗೆ ಮುಂಡಾಸು ಸುತ್ತಿ, ಬಯಲಲ್ಲಿ ಕುಳಿತಂತೆ ಕುಳಿತು, ಅವನ್ನು ನೂರಾರು ಮೈಲಿ ಓಡಿಸಿಕೊಂಡು ಬರುತ್ತಿದ್ದ. ಮೈ ಕಟ್ಟುವುದು ಊರಿನ ಬಾಡಿ ಕಟ್ಟುವವರ ಕೆಲಸ. ಸ್ವಾತಂತ್ರ್ಯದ ಹೊಸತರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ ಮೇಲೆ, ಆ ಜೀಪುಗಳ ಬೆನ್ನಿನ ಮೇಲೂ ಊರಿನವರು ತಮಗೆ ಬೇಕಾದುದನ್ನು ಕಟ್ಟಿಕೊಂಡರು. ಹಾಗಾಗಿ ನಮ್ಮ ಹಳೆಯ ಗಾಡಿಗಳಿಗೆ ಜನ್ಮಸ್ಥಾನಗಳು ಎರಡು. ಒಂದು ಮುಂಬಯಿ ಅಥವಾ ಜಮ್ಶೆಡ್‌ಪುರ, ಇನ್ನೊಂದು ಮಂಗಳೂರೋ ಉಡುಪಿಯೋ ಕಾರ್ಕಳವೋ.

ಈ ಎರಡನೆಯ ಜನ್ಮಸ್ಥಾನವನ್ನು ಕಡೆಗಣಿಸುವಂತಿಲ್ಲ. ನಮ್ಮ ಕರಾವಳಿಯಲ್ಲಿ ಮೋಟಾರಿನ ವಿದ್ಯೆ ಬಹಳ ಹಿಂದೆಯೇ ಬೇರುಬಿಟ್ಟಿತ್ತು. ವಿ.ಎಸ್. ಕುಡ್ವರ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಹಿರಿಯರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲೇ ಮಂಗಳೂರಿನಿಂದ ಬಂಟ್ವಾಳಕ್ಕೆ ಬಸ್ಸು ಓಡಿಸಿತು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರೇ ಆರಂಭಿಸಿದ ಕೆನರಾ ವರ್ಕ್‌ಶಾಪ್ಸ್, ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟುಗಳ ತಯಾರಿಕೆಯಲ್ಲಿ ಹೆಸರು ಮಾಡಿತು. ಆದುದರಿಂದ ಆ ಪಿಕಪ್ಪಿನ ಅಡಿಯಲ್ಲಿ ಮಂಗಳೂರಿನ ಪ್ಲೇಟುಗಳು ಸಿಕ್ಕಿದರೆ ಅದನ್ನು ಕಲಬೆರಕೆ ಎನ್ನಬಾರದು. ಅದು ನಮ್ಮ ಜಿಲ್ಲೆಯ ಕೈಗಾರಿಕೆಯ ಚರಿತ್ರೆಯ ಒಂದು ಪುಟ.

ಇನ್ನು ಮರದ ತೊಟ್ಟಿ. ಅದನ್ನು ಕಟ್ಟಿದವರು ಕಾರ್ಕಳದ ಒಬ್ಬ ಆಚಾರಿಗಳು. ಅವರು ಓದಿದ್ದು ಐದನೆಯ ತರಗತಿಯಂತೆ. ಅಡಿಹಲಗೆಗೆ ನೀರಿಗೆ ಅಂಜದ ಕಿರಾಲುಬೋಗಿ, ಪಕ್ಕದ ಚೌಕಟ್ಟಿಗೆ ಹೆಬ್ಬಲಸು. ಮೀನಿನ ಮಂಜುಗಡ್ಡೆ ಕರಗಿದ ಉಪ್ಪುನೀರು ನಿಲ್ಲದಿರಲೆಂದು ಹಲಗೆಗಳ ನಡುವೆ ಸಣ್ಣ ಸಂದು ಬಿಟ್ಟು, ಹಿಂದಕ್ಕೆ ಅರ್ಧ ಇಂಚಿನ ಇಳಿಜಾರು ಕೊಟ್ಟಿದ್ದಾರೆ. ಮಲ್ಲಿಗೆಯ ಬುಟ್ಟಿಗಳಿಗೆ ಬಿಸಿಲು ತಾಗದಂತೆ ಟರ್ಪಾಲು ಕಟ್ಟಲು ಪಕ್ಕದಲ್ಲಿ ಕೊಂಡಿಗಳನ್ನು ಇಟ್ಟಿದ್ದಾರೆ. ಕಡಲಗಾಳಿ ಕಬ್ಬಿಣವನ್ನು ತಿನ್ನುತ್ತದೆ, ಒಳ್ಳೆಯ ಮರವನ್ನು ಅಷ್ಟು ಬೇಗ ತಿನ್ನಲಾರದು ಎಂಬುದನ್ನು ದೋಣಿ ಕಟ್ಟುವವರಿಂದ ಕಲಿತವರು ಅವರು. ಆ ತೊಟ್ಟಿ ಮುಂಬಯಿಯ ಯಾವ ನಕ್ಷೆಯಲ್ಲೂ ಇರಲಿಲ್ಲ. ಅದು ಇದ್ದದ್ದು ಆಚಾರಿಗಳ ತಲೆಯಲ್ಲಿ ಮತ್ತು ಕೈಯಲ್ಲಿ.

ಇದನ್ನೆಲ್ಲ ಕಳಚಿ ಎಸೆದು ತಗಡಿನ ಹೊಸ ತೊಟ್ಟಿಯನ್ನು ಕೂರಿಸಿದರೆ ಸಿಗುವ ಗಾಡಿ ಯಾವುದು? ಕಾಪುವಿನ ಆ ಮನೆಯ ಅಂಗಳಕ್ಕೆ ಎಂದೂ ಬಂದಿರದ ಒಂದು ಗಾಡಿ. ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: "ಮಗಾ, ಕಾರ್ಖಾನೆಯಿಂದ ಹೊರಟ ದಿನ ಅದು ನಿನ್ನ ಅಪ್ಪನ ಗಾಡಿಯಾಗಿರಲಿಲ್ಲ. ಆಚಾರಿಗಳ ಕೊಟ್ಟಿಗೆಯಿಂದ ಹೊರಟ ದಿನ ಅದು ಅವರ ಗಾಡಿಯಾಯಿತು."

ಭಾಷೆಯ ಮೇಷ್ಟ್ರಾದುದರಿಂದ ನನಗೆ ಹಳಗನ್ನಡ ಕಾವ್ಯಗಳ ಸಂಪಾದನೆ ನೆನಪಾಗುತ್ತದೆ. ಒಂದೇ ಕಾವ್ಯದ ಹತ್ತು ತಾಳೆಗರಿ ಪ್ರತಿಗಳಲ್ಲಿ ಹತ್ತು ಬಗೆಯ ಪಾಠಗಳಿರುತ್ತವೆ. ಸಂಪಾದಕನು ವಿವೇಚಿಸಿ ಒಂದನ್ನು ಮೇಲೆ ಅಚ್ಚು ಮಾಡುತ್ತಾನೆ. ಉಳಿದವನ್ನು ಬೆಂಕಿಗೆ ಹಾಕುವುದಿಲ್ಲ, ಪುಟದ ಅಡಿಯಲ್ಲಿ ಪಾಠಾಂತರಗಳಾಗಿ ಉಳಿಸುತ್ತಾನೆ. ಮುಂದೆ ಬರುವ ವಿದ್ವಾಂಸನಿಗೆ ಈತನ ತೀರ್ಮಾನ ತಪ್ಪೆಂದು ತೋರಿದರೆ ತಿದ್ದಲು ಅವಕಾಶವಿರುತ್ತದೆ. ಹಳೆಯ ಗಾಡಿಯೂ ಇಂಥದೇ ಒಂದು ಹಸ್ತಪ್ರತಿ. ಅದರ ಎಂಜಿನ್ನಿನ ಉದಾಹರಣೆಯನ್ನೇ ನೋಡಿ. ಆ ಜೀಪುಗಳ ಮುಸುಡಿ ಎತ್ತರವಾಗಿ ಕಾಣುವುದಕ್ಕೆ ಕಾರಣ, ಒಳಗಿದ್ದ ಹರಿಕೇನ್ ಎಂಬ ಪೆಟ್ರೋಲ್ ಎಂಜಿನು. ಅದರ ಒಳಗಾಳಿಯ ವಾಲ್ವುಗಳು ತಲೆಯ ಮೇಲೆ ಇದ್ದುದರಿಂದ ಹಳೆಯದಕ್ಕಿಂತ ಎತ್ತರವಾಯಿತು, ಅದನ್ನು ಒಳಗೊಳ್ಳಲು ಬಾನೆಟ್ಟನ್ನು ಎತ್ತರಿಸಬೇಕಾಯಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲಿನ ಬೆಲೆ ಏರಿದಾಗ, ಹೊಟ್ಟೆಪಾಡಿಗೆ ಗಾಡಿ ಓಡಿಸುವ ಅದೆಷ್ಟೋ ಮಂದಿ ಎಂಜಿನನ್ನೇ ಬದಲಿಸಿ ಡೀಸೆಲ್ ಹಾಕಿಸಿಕೊಂಡರು. ಈಗ ಬಾನೆಟ್ಟು ಒಂದು ಕಾಲದ ಕಥೆ ಹೇಳುತ್ತದೆ, ಅದರೊಳಗಿನ ಎಂಜಿನು ಇನ್ನೊಂದು ಕಾಲದ ಕಥೆ ಹೇಳುತ್ತದೆ. ಎರಡೂ ನಿಜ. ಡೀಸೆಲ್ ಎಂಜಿನನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಿದರೆ, ಆ ವರ್ಷಗಳಲ್ಲಿ ಮಕ್ಕಳ ಶಾಲೆಯ ಫೀಸು ಹೇಗೆ ಕಟ್ಟಲ್ಪಟ್ಟಿತು ಎಂಬ ಅಧ್ಯಾಯವನ್ನೇ ಹರಿದುಹಾಕಿದಂತಾಗುತ್ತದೆ.

ಇದು ನನ್ನೊಬ್ಬನ ಹಳ್ಳಿಗಾಡಿನ ವಾದವಲ್ಲ. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಕಟ್ಟಡವೊಂದಕ್ಕೆ ಬೇರೆ ಬೇರೆ ಕಾಲದವರು ಸೇರಿಸಿದ ಸಾರ್ಥಕ ಅಂಶಗಳನ್ನೆಲ್ಲ ಗೌರವಿಸಬೇಕೆನ್ನುತ್ತದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯುರಿನ್ ಸನ್ನದು ಅದೇ ದಾರಿಯಲ್ಲಿ ನಡೆದು, ವಾಹನವು ಬದುಕಿದ ಬದುಕಿನ ಗುರುತುಗಳಿಗೂ ಬೆಲೆಯುಂಟೆಂದು ಒಪ್ಪುತ್ತದೆ. ಅಷ್ಟು ದೂರ ಹೋಗಬೇಕೆಂದಿಲ್ಲ. ಕಾರ್ಕಳದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಮಾಡುತ್ತೇವೆ. 1432ರಲ್ಲಿ ಶಿಲ್ಪಿಯ ಉಳಿಯಿಂದ ಹೊರಬಂದಾಗಿನ ಹೊಳಪು ಮರಳಲೆಂದು ಅವನ ಮೈಯನ್ನು ಯಾರಾದರೂ ಉಜ್ಜಿ ತೆಗೆಯುತ್ತಾರೆಯೇ?

ಮಣಿಪಾಲದಲ್ಲೇ ಇನ್ನೊಂದು ಪಾಠವಿದೆ. ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈಯವರು (2017ರಲ್ಲಿ ತೀರಿಕೊಂಡರು) ಹಳೆಯ ಮನೆಗಳನ್ನು ಕಳಚಿ, ತುಂಡು ತುಂಡಿಗೂ ಗುರುತು ಹಾಕಿ, ತಂದು ಮತ್ತೆ ಜೋಡಿಸಿದರು. ಅವರ ಹಸ್ತಶಿಲ್ಪದ ಆವರಣದಲ್ಲಿ ಮುಧೋಳದ ಅರಮನೆಯ ದರ್ಬಾರ್ ಹಾಲು ಇದೆ, ಕುಂಜೂರಿನ ಚೌಕಿಮನೆಯೂ ಇದೆ. ಅರಸರ ವೈಭವದೊಡನೆ ಬೀದಿಯ ಅಂಗಡಿಯ ಸಾಮಾನಿಗೂ ಅಲ್ಲಿ ಸ್ಥಾನ ಸಿಕ್ಕಿತು. ಜನಸಾಮಾನ್ಯರ ಬದುಕಿನ ವಸ್ತುವೂ ಪರಂಪರೆಯೇ ಎಂಬುದನ್ನು ಅವರು ಮಾಡಿ ತೋರಿಸಿದರು.

ಆದರೆ ವಾಹನಗಳ ವಿಷಯದಲ್ಲಿ ನಮ್ಮ ದೃಷ್ಟಿ ಇನ್ನೂ ಅರಮನೆಯ ಹೊಸ್ತಿಲು ದಾಟಿಲ್ಲ. ಶ್ರೀರಂಗಪಟ್ಟಣದ ಬಳಿ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ವಸ್ತುಸಂಗ್ರಹಾಲಯವಿದೆ. ಅಲ್ಲಿನ ಕಾರುಗಳನ್ನು ಕಂಡು ಯಾರೂ ತಲೆದೂಗಲೇಬೇಕು. ಕಾರನ್ನು ಉಳಿಸುವವರು ಇದ್ದಾರೆ, ಕಾನೂನೂ ಅವರ ಬೆನ್ನಿಗಿದೆ. ಕೇಂದ್ರ ಸರಕಾರ 2021ರ ಜುಲೈ 15ರಂದು ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಕ್ಕೆ 'ವಿಎ' ಅಕ್ಷರಗಳ ವಿಶೇಷ ನೋಂದಣಿ ಸಂಖ್ಯೆ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಈ ನಿಯಮ ಅನ್ವಯವಾಗುವುದು ಸ್ವಂತಕ್ಕೆ ಬಳಸುವ ದ್ವಿಚಕ್ರ ವಾಹನಗಳಿಗೆ ಮತ್ತು ಕಾರುಗಳ ವರ್ಗಕ್ಕೆ. ಸಾಮಾನು ಗಾಡಿಯ ವರ್ಗ ಅದರಲ್ಲಿಲ್ಲ. ಧಣಿಗಳನ್ನು ಹೊತ್ತ ಗಾಡಿ ಪರಂಪರೆಯಾಯಿತು, ಧಣಿಗಳ ಅಕ್ಕಿಮುಡಿ ಹೊತ್ತ ಗಾಡಿ ಗುಜರಿಯಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯೂ ಜಾರಿಗೆ ಬಂತು. ಹೊಗೆ ಉಗುಳುವ ಗಾಡಿಗಳು ರಸ್ತೆಯಿಂದ ಹೋಗಬೇಕಾದದ್ದು ನ್ಯಾಯವೇ. ಆದರೆ ಪ್ರತಿ ಜಿಲ್ಲೆಯಲ್ಲಿ ನಾಲ್ಕಾರು ದುಡಿದ ಗಾಡಿಗಳನ್ನಾದರೂ ದಾಖಲೆ ಸಹಿತ ಉಳಿಸಿಕೊಳ್ಳಲು ಆ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಯಾರಿಗೇನು ನಷ್ಟ?

ನನ್ನ ವಾದಕ್ಕೆ ಎದುರು ಮಾತು ಇಲ್ಲದಿಲ್ಲ. ತುಕ್ಕನ್ನೂ ಚರಿತ್ರೆಯೆಂದು ಪೂಜಿಸಬೇಕೇ ಎಂದು ವಿದ್ಯಾರ್ಥಿ ಕೇಳಿದ. ಖಂಡಿತ ಬೇಡ. ತುಕ್ಕು ಯಾರ ಕೈಕೆಲಸವೂ ಅಲ್ಲ, ಅದು ರೋಗ. ಚಾಸಿಯಲ್ಲಿ ಕೊಳೆತ ಭಾಗವನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯಲೇಬೇಕು. ಬ್ರೇಕು, ಇಂಧನದ ಕೊಳವೆ, ವಯರುಗಳು ಎಲ್ಲವೂ ಹೊಸದಾಗಬೇಕು. ಜೀವಕ್ಕೆ ಸಂಬಂಧಿಸಿದಲ್ಲಿ ಪಾಠಾಂತರದ ಚರ್ಚೆ ಸಲ್ಲದು. "ಹೊಸದಾಗಿ ಹೊಳೆಯುವುದನ್ನು ನೋಡುವ ಆಸೆ ತಪ್ಪೇ?" ಎಂದೂ ಕೇಳಿದ. ಆಸೆ ತಪ್ಪಲ್ಲ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅವನು ಕಳಿಸಿದ ಫೋಟೋದಲ್ಲಿ ಹಿಂಬಾಗಿಲಿನ ಹಸಿರು ಬಣ್ಣ ಎದ್ದುಹೋದಲ್ಲಿ ಹಳದಿ ಅಕ್ಷರಗಳು ಇಣುಕುತ್ತಿವೆ. ಅವು ಅವನ ಅಜ್ಜಿಯ ಹೆಸರಿನ ಮೊದಲ ಎರಡು ಅಕ್ಷರಗಳು. ಯಂತ್ರ ಹಿಡಿದು ಉಜ್ಜಿದರೆ ಅವು ಐದು ನಿಮಿಷದಲ್ಲಿ ಧೂಳಾಗುತ್ತವೆ, ಮತ್ತೆ ಯಾವ ಕಾರ್ಖಾನೆಯೂ ಅವನ್ನು ತಯಾರಿಸಿ ಕೊಡಲಾರದು.

ಹಾಗಾದರೆ ಮಾಡಬೇಕಾದುದೇನು? ಬಿಚ್ಚುವ ಮೊದಲು ಎಲ್ಲ ಮಗ್ಗುಲುಗಳ ಫೋಟೋ ತೆಗೆಯಬೇಕು. ಮೂಲೆಯೊಂದರಲ್ಲಿ ನಾಣ್ಯದಷ್ಟು ಜಾಗವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ, ಮರದ ಉಂಗುರಗಳಂತೆ ಬಣ್ಣದ ಪದರಗಳು ಒಂದರೊಳಗೊಂದು ಕಾಣುತ್ತವೆ. ಅವನ್ನು ಕ್ರಮವಾಗಿ ಬರೆದಿಡಬೇಕು. ಕಳಚಿದ ಪ್ರತಿ ತುಂಡಿಗೂ ಚೀಟಿ ಕಟ್ಟಬೇಕು. ಕೊಳೆತ ಹಲಗೆಯನ್ನಷ್ಟೇ ಬದಲಿಸಿ, ಹೊಸ ಹಲಗೆಯ ಅಡಿಯಲ್ಲಿ ಇಸವಿಯನ್ನು ಕೊರೆಯಬೇಕು. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಅಟ್ಟದಲ್ಲಿ ಇಡಬೇಕು. ಒಂದು ನೋಟುಪುಸ್ತಕದಲ್ಲಿ ಏನನ್ನು, ಯಾವಾಗ, ಏಕೆ ಬದಲಿಸಿದೆವೆಂದು ಬರೆಯಬೇಕು. ನಾನು ಪಾಠಾಂತರ ಎಂದದ್ದು ಇದನ್ನೇ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಆ ತೊಟ್ಟಿಯನ್ನು ಕಟ್ಟಿದ ಆಚಾರಿಗಳು ಇನ್ನೂ ಇದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂದವಾಗಿದೆ, ನೆನಪು ಚುರುಕಾಗಿದೆ. ಬಿಡಿಭಾಗಗಳಿಗಾಗಿ ದೂರದೂರಿಗೆ ಪತ್ರ ಬರೆಯುವ ಮೊದಲು ಅವರನ್ನು ಕರೆತಂದು ಗಾಡಿಯ ಮುಂದೆ ಕುರ್ಚಿ ಹಾಕಿ ಕೂರಿಸು, ಅವರು ಹೇಳುವುದನ್ನು ಬರೆದುಕೋ ಎಂದು ವಿದ್ಯಾರ್ಥಿಗೆ ಹೇಳಿದ್ದೇನೆ. ಎಂಜಿನಿಗೆ ಬಿಡಿಭಾಗಗಳು ಇಂದಲ್ಲ ನಾಳೆ ಎಲ್ಲಾದರೂ ಸಿಕ್ಕಾವು. ಅರ್ಧ ಇಂಚಿನ ಇಳಿಜಾರು ಏಕೆ ಎಂದು ತಿಳಿದ ಮನುಷ್ಯ ಇನ್ನೊಬ್ಬ ಸಿಗಲಾರ.

ತೀರ್ಮಾನ ಅವನದು. ಗಾಡಿ ಅವನದು, ಅಪ್ಪನೂ ಅವನ ಅಪ್ಪ. ನನ್ನ ಶಿಷ್ಯರಲ್ಲಿ, ಬಂಧುಗಳಲ್ಲಿ ನನ್ನ ಬಿನ್ನಹ ಒಂದೇ. ನಿಮ್ಮ ಮನೆಯ ಹಳೆಯ ಮದುವೆಯ ಆಲ್ಬಮ್ಮುಗಳನ್ನು ಒಮ್ಮೆ ತೆಗೆದು ನೋಡಿ. ದಿಬ್ಬಣದ ಹಿಂದೆ, ಚಪ್ಪರದ ಬದಿಯಲ್ಲಿ, ಬಾಳೆಗೊನೆಗಳ ನಡುವೆ ಇಂಥ ಗಾಡಿಯೊಂದು ನಿಂತಿರಬಹುದು. ಕಾಪು, ಶಂಕರಪುರ, ಕಟಪಾಡಿಯ ಆಸುಪಾಸಿನವರಾದರೆ ಅದು ಇದೇ ಗಾಡಿಯೂ ಆಗಿರಬಹುದು. ಹಿಂಬಾಗಿಲಿನ ಅಕ್ಷರಗಳು ಪೂರ್ತಿಯಾಗಿ ಕಾಣುವ ಒಂದು ಫೋಟೋ ಸಿಕ್ಕಿದರೂ ಸಾಕು, ದಯವಿಟ್ಟು ನನಗೆ ತಿಳಿಸಿ. ಅವನಿಗೆ ನಾನೇ ಮುಟ್ಟಿಸುತ್ತೇನೆ.